ಬಲಕ್ಕೆ ಬೇಕು, ಎಡಕ್ಕೆ ಬೇಡ

ಅಣ್ಣನಿಂದ ನಮಗೆ ಬೇಕಾಗಿದ್ದದ್ದು ಒಂದೇ ಮಾತು. ಬೇಕು, ಇಲ್ಲವೇ ಬೇಡ. ಲಕ್ವ ಹೊಡೆದಾಗ ಬಲಗೈ, ಬಲಗಾಲಿನ ಜೊತೆಗೆ ಮಾತೂ ಹೋಗಿತ್ತು. ಮೊದಮೊದಲು ಎಡಗೈಯಲ್ಲಿ ಚಮಚ ಹಿಡಿದು ತಾನೇ ತಿನ್ನುತ್ತಿದ್ದ. ತಟ್ಟೆಯಲ್ಲಿ ಅರ್ಧ ತಿಂದು ಅರ್ಧ ಬಿಡುತ್ತಿದ್ದ. ಆಮೇಲೆ ಅತ್ತಿಗೆ ತಿನ್ನಿಸಬೇಕಾಯಿತು. ಬೇಸಿಗೆ ಹತ್ತಿರ ಬರುವ ಹೊತ್ತಿಗೆ ಚಮಚ ತುಟಿಗೆ ತಾಗಿದರೆ ಸಾಕು, ಹಲ್ಲು ಕಚ್ಚಿಕೊಳ್ಳತೊಡಗಿದ. ಡಾಕ್ಟರು ಬಂದು ನೋಡಿದರು. ಹೀಗೇ ಆದರೆ ಮೂಗಿನಿಂದ ಹೊಟ್ಟೆಗೆ ಟ್ಯೂಬ್ ಇಳಿಸಿ ಗಂಜಿ ಕೊಡಬೇಕಾಗುತ್ತದೆ, ಬೇಕೋ ಬೇಡವೋ ಮನೆಯವರು ಯೋಚಿಸಿ ಹೇಳಿ ಎಂದರು.

ಮನೆಯವರು ಅಂದರೆ ಇಬ್ಬರೇ. ಅಣ್ಣ ಅತ್ತಿಗೆಗೆ ಮಕ್ಕಳಿಲ್ಲ. ಅತ್ತಿಗೆ ಇದ್ದಳು, ನಾನಿದ್ದೆ. ಅತ್ತಿಗೆ ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ವರಸೆಯಲ್ಲಿ ದೊಡ್ಡವಳು. ಅದಕ್ಕೇ ಎದುರಿಗೆ ಬಹುವಚನ, ಬರೆಯುವಾಗ ಏಕವಚನ. ಅವಳು ಹರಿಯಬ್ಬೆ ಕಡೆಯ ಹೆಣ್ಣು, ಒಂದು ಮಾತು ಹಿಡಿದರೆ ಬಿಡುವವಳಲ್ಲ.

"ಅವ್ರ ಮೂಗಿಗೆ ಪೈಪು ಇಕ್ಬೇಕಾರೆ ಅವ್ರನ್ನ ಕೇಳ್ಬೇಕು. ನಾನ್ಯಾರು ಹೇಳಾಕೆ, ನೀನ್ಯಾರು ಹೇಳಾಕೆ?" ಎಂದಳು. "ಅವ್ರು ಹೂಂ ಅನ್ಲಿ, ಈಗ್ಲೇ ಹಾಕ್ಸಾಣ. ಬ್ಯಾಡ ಅಂದ್ರೆ ಬ್ಯಾಡ."

ಕೇಳುವುದು ಹೇಗೆ? ಅಣ್ಣನ ತಲೆಯಾಡಿಸುವಿಕೆಯನ್ನು ನಂಬುವ ಹಾಗಿರಲಿಲ್ಲ. ಊಟ ಬೇಕಾ ಎಂದರೆ ತಲೆ ಆಡಿಸುತ್ತಿದ್ದ, ಬೇಡವಾ ಎಂದರೂ ತಲೆ ಆಡಿಸುತ್ತಿದ್ದ. ಸ್ಲೇಟು ಕೊಟ್ಟರೆ ಗೀಚುತ್ತಿದ್ದ. ಅದರಲ್ಲಿ ಅಕ್ಷರ ಹುಡುಕುವುದು ಅಂದರೆ ಮೋಡದಲ್ಲಿ ಆನೆ ಹುಡುಕಿದ ಹಾಗೆ. ನನಗೋ ಸಹನೆ ಎಂಬುದು ಹಣೆಯಲ್ಲೇ ಬರೆದಿಲ್ಲ. ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ಇಡೀ ಆಯುಷ್ಯ ಗಣಿತ ಹೇಳಿ ನಿವೃತ್ತಳಾದವಳು ನಾನು. ಉತ್ತರ ಹೇಳದೆ ಸುಮ್ಮನೆ ನಿಲ್ಲುವ ಮಕ್ಕಳ ಮೇಲೆ ಎಷ್ಟು ರೇಗುತ್ತಿದ್ದೆನೋ, ಅಷ್ಟೇ ಸಿಟ್ಟು ಮಂಚದ ಮೇಲಿನ ಅಣ್ಣನ ಮೇಲೂ ಬರುತ್ತಿತ್ತು. ಪಾಪ ಅನ್ನಿಸುತ್ತಿರಲಿಲ್ಲವೇ? ಅನ್ನಿಸುತ್ತಿತ್ತು. ಪಾಪ ಅನ್ನಿಸಿದಷ್ಟೂ ಸಿಟ್ಟು ಹೆಚ್ಚುತ್ತಿತ್ತು.

ಅಂಥ ಒಂದು ದಿನ ದುರ್ಗದ ಅಣ್ಣನ ಮನೆಯಿಂದ ಹೊಳಲ್ಕೆರೆಗೆ ಬಸ್ಸಿನಲ್ಲಿ ವಾಪಸ್ಸು ಬರುವಾಗ ಆ ಹಳೇ ಕಂಪ್ಯೂಟರ್ ನೆನಪಾಯಿತು.

ಅಣ್ಣನಿಗೆ ಸಂತೆಪೇಟೆಯಲ್ಲಿ ರೇಡಿಯೋ, ಟಿವಿ ರಿಪೇರಿ ಅಂಗಡಿ ಇತ್ತು. ನಾನಿನ್ನೂ ಕೆಲಸಕ್ಕೆ ಸೇರಿದ ಹೊಸದು. ಊರ ಹತ್ತಿರದ ಗಣಿಯಲ್ಲಿದ್ದ ಎಂಜಿನಿಯರೊಬ್ಬರು ತಮ್ಮ ಮಗನದೆಂದು ಒಂದು ಸಾಮಾನು ತಂದುಕೊಟ್ಟರು. ಪಂಚಾಂಗಕ್ಕಿಂತ ಸ್ವಲ್ಪ ದಪ್ಪ, ಕಪ್ಪು ಮೈ, ಮೇಲೆ ಬೂದು ಬಣ್ಣದ ರಬ್ಬರ್ ಕೀಗಳು. ಅದು ಕಂಪ್ಯೂಟರಂತೆ. ಅದಕ್ಕೆ ಸ್ವಂತ ಪರದೆ ಇಲ್ಲ, ಟಿವಿಗೆ ಸಿಕ್ಕಿಸಬೇಕು. ಬರೆದದ್ದನ್ನು ಉಳಿಸಿಕೊಳ್ಳಲು ಟೇಪ್ ರೆಕಾರ್ಡರ್ ಬೇಕು. ಅಣ್ಣ ಎರಡು ದಿನ ಬಿಚ್ಚಿ ಕುಳಿತು ಸರಿಮಾಡಿದ. ಅಷ್ಟರಲ್ಲಿ ಎಂಜಿನಿಯರಿಗೆ ವರ್ಗವಾಗಿತ್ತು. ಅವರು ಮತ್ತೆ ಬರಲೇ ಇಲ್ಲ.

ಅಣ್ಣ ಅದನ್ನು ತನ್ನದು ಎಂದು ಒಂದು ದಿನವೂ ಹೇಳಲಿಲ್ಲ. ರಿಪೇರಿಗೆ ಬಂದ ಸಾಮಾನು ಗಿರಾಕಿಯದು, ಅವನು ಕೇಳಿದ ದಿನ ಕೊಡಬೇಕು ಎಂಬುದು ಆ ಅಂಗಡಿಯ ಧರ್ಮ. ಆದರೆ ಕೊಡುವ ತನಕ ಸರಿಯಾಗಿ ಓಡುತ್ತದೋ ಇಲ್ಲವೋ ನೋಡಬೇಕಲ್ಲ? ಹಾಗೆ ವರ್ಷಗಟ್ಟಲೆ ನೋಡಿದ. ಏನು ಮಾಡುತ್ತಿದ್ದೀ ಎಂದರೆ ತಲೆ ಎತ್ತದೆ, "ಟೆಸ್ಟಿಂಗು" ಎನ್ನುತ್ತಿದ್ದ. ಆಟ ಅಲ್ಲ, ಟೆಸ್ಟಿಂಗು. ಅಳಿಯ ಅಲ್ಲ, ಮಗಳ ಗಂಡ. ಕ್ಯಾಸೆಟ್ ಹಾಕಿದರೆ ಹಾಡಿನ ಬದಲು ಕಿರುಚಾಟ ಬರುತ್ತಿತ್ತು. ಅಮ್ಮ ಸೆರಗಿನಿಂದ ಕಿವಿ ಮುಚ್ಚಿಕೊಂಡು, "ಬೆಕ್ಕಿನ ಬಾಲ ಬಾಗ್ಲಿಗೆ ಸಿಕ್ಕಂಗೆ ಐತಲ್ಲೋ," ಎನ್ನುತ್ತಿದ್ದಳು.

ಅಣ್ಣನಿಗೂ ಇಂಗ್ಲಿಷಿಗೂ ಹಾವು ಮುಂಗುಸಿ ನಂಟು. ಎಸ್ಸೆಸ್ಸೆಲ್ಸಿಯಲ್ಲಿ ಅದೊಂದೇ ವಿಷಯ ಅವನನ್ನು ಮತ್ತೆ ಮತ್ತೆ ಕೆಡವಿತ್ತು. ಆದರೆ ಈ ಯಂತ್ರಕ್ಕೆ ಸ್ಪೆಲ್ಲಿಂಗ್ ಬೇಕಾಗಿರಲಿಲ್ಲ. ಸಾಲಿನ ಮೊದಲಲ್ಲಿ ಒಂದು ಕೀ ಒತ್ತಿದರೆ ಇಡೀ ಪದವೇ ಪರದೆಯ ಮೇಲೆ ಬಂದು ಕೂರುತ್ತಿತ್ತು. ಪಿ ಒತ್ತಿದರೆ ಪ್ರಿಂಟ್, ಜಿ ಒತ್ತಿದರೆ ಗೋ ಟು, ಆರ್ ಒತ್ತಿದರೆ ರನ್. ಯಾವ ಮೇಷ್ಟ್ರೂ ತೋರದ ದಯೆಯನ್ನು ಅದು ಅಣ್ಣನಿಗೆ ತೋರಿತು. ಗೆರೆ ಹಾಕಿದ ಹಾಳೆಯ ಮೇಲೆ ಎಂಟಕ್ಕೆ ಎಂಟು ಚೌಕದಲ್ಲಿ ಚುಕ್ಕಿ ತುಂಬಿ ತುಂಬಿ ಕನ್ನಡ ಅಕ್ಷರಗಳನ್ನೂ ಅದಕ್ಕೆ ಕಲಿಸಿದ. ಒತ್ತಕ್ಷರಗಳು ಆ ಚೌಕದಲ್ಲಿ ಹಿಡಿಸದೆ ಅವನ ಪ್ರಾಣ ತಿಂದವು. ಒಂದು ಶಿವರಾತ್ರಿಗೆ ಅಂಗಡಿಯ ಮುಂದಿನ ಟಿವಿಯಲ್ಲಿ 'ನಮಃ ಶಿವಾಯ' ಎಂದು ನೀಲಿ ಅಕ್ಷರ ಸುತ್ತು ಹೊಡೆದಾಗ ಮಠಕ್ಕೆ ಹೊರಟಿದ್ದವರೆಲ್ಲ ನಿಂತು ಕೈ ಮುಗಿದು ಹೋದರು. ಅಣ್ಣ ಒಳಗೆ ಕುಳಿತು ಬೀಡಿ ಸೇದುತ್ತ ಏನೂ ಗೊತ್ತಿಲ್ಲದವನಂತೆ ನಗುತ್ತಿದ್ದ.

ಆ ಯಂತ್ರ ಈಗಿಲ್ಲ. ಕೀಗಳ ಅಡಿಯ ಹಾಳೆ ಬಿರಿದು ಸತ್ತಿತು, ಅಂಗಡಿ ಮುಚ್ಚಿದ ಮೇಲೆ ಅಟ್ಟದಲ್ಲಿ ಉಳಿದದ್ದನ್ನು ಇಲಿಗಳು ತಿಂದವು. ಆದರೆ ಬಸ್ಸಿನಲ್ಲಿ ನನ್ನ ತಲೆಗೆ ಹೊಕ್ಕಿದ್ದು ಒಂದೇ ವಿಚಾರ. ಮಾತು ಬಾರದವನಿಗೆ ಒಂದು ಒತ್ತಿಗೆ ಒಂದು ಪದ ಕೊಡುವ ಯಂತ್ರಕ್ಕಿಂತ ಇನ್ನೇನು ಬೇಕು?

ಮನೆಗೆ ಬಂದು ಲ್ಯಾಪ್‌ಟಾಪ್ ತೆಗೆದೆ. ಕೊರೋನಾ ಕಾಲದಲ್ಲಿ ಪಾಠ ಮಾಡಲು ಕೊಂಡದ್ದು, ಆಮೇಲೆ ಧೂಳು ತಿನ್ನುತ್ತಿತ್ತು. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಆ ಹಳೇ ಯಂತ್ರ ಸಿಕ್ಕಿತು. ಎಮ್ಯುಲೇಟರ್ ಎನ್ನುತ್ತಾರೆ. ಈಗಿನ ಕಂಪ್ಯೂಟರಿನೊಳಗೆ ಆಗಿನ ಕಂಪ್ಯೂಟರನ್ನು ಎಬ್ಬಿಸಿ ಕೂರಿಸುವ ಸಾಫ್ಟ್‌ವೇರ್. ನೋಡಲು ಮಾತ್ರ ಹಳೆಯದರ ಹಾಗೆ ಇರುವುದಲ್ಲ, ಅದರ ನಿಧಾನ, ಅದರ ಮರೆವು, ಅದರ ಮೊಂಡುತನ ಎಲ್ಲವೂ ಹಾಗೆಯೇ. ಹಳೆಯದು ಎಲ್ಲಿ ಎಡವುತ್ತಿತ್ತೋ ಇದೂ ಅಲ್ಲೇ ಎಡವುತ್ತದೆ. ಬಿಳಿ ಪರದೆಯ ಕೆಳಗೆ ಮಿನುಗುವ ಒಂದು ಅಕ್ಷರ ಕಂಡಿತು. ಅಣ್ಣನೇ ಎದ್ದು ಕುಳಿತ ಹಾಗೆ ಸಂತೋಷಪಟ್ಟೆ. ಮುಳುಗುವವಳಿಗೆ ಹುಲ್ಲುಕಡ್ಡಿ ಆಸರೆ ಎನ್ನುವುದು ಸುಳ್ಳಲ್ಲ. ಯಾವ ಕೀಗೆ ಯಾವ ಪದ ಎಂದು ಚೀಟಿ ಬರೆದು ಲ್ಯಾಪ್‌ಟಾಪಿನ ಕೀಗಳ ಮೇಲೆ ಅಂಟಿಸಿದೆ.

ಮಾರನೇ ದಿನ ಅದನ್ನು ಅಣ್ಣನ ಮುಂದೆ ಊಟದ ಮಣೆಯ ಮೇಲೆ ಇಟ್ಟಾಗ ಅತ್ತಿಗೆ ಬಾಗಿಲಲ್ಲೇ ನಿಂತಿದ್ದಳು.

"ಮಾತು ಹೋದೋರ ಮುಂದೆ ಆಟದ ಸಾಮಾನು ಇಕ್ತೀಯೇನವ್ವ?"

"ಆಟ ಅಲ್ಲ ಅತ್ಗೆ, ಟೆಸ್ಟಿಂಗು," ಎಂದೆ. ಅವಳು ನಗಲಿಲ್ಲ.

ಅಣ್ಣ ಪರದೆ ನೋಡಿದ. ಬಹಳ ಹೊತ್ತು ನೋಡಿದ. ಆ ತಿಂಗಳುಗಳಲ್ಲಿ ಅವನು ಯಾವುದನ್ನೂ ಅಷ್ಟು ಹೊತ್ತು ನೋಡಿದ್ದು ನಾನು ಕಂಡಿರಲಿಲ್ಲ. ಆಮೇಲೆ ಎಡಗೈ ಎದ್ದಿತು. ತೋರುಬೆರಳು ಕೀಗಳ ಮೇಲೆ ತೂಗಾಡಿ ಜಿ ಮೇಲೆ ಇಳಿಯಿತು. ಪರದೆಯ ಮೇಲೆ ಗೋ ಟು ಎಂದು ಬಂತು. ಅವನ ಬಾಯಿಯ ಒಂದು ತುದಿ ಮೇಲಕ್ಕೆ ಹೋಯಿತು. ನಾನು ಅಳಿಸಿದೆ. ಮತ್ತೆ ಒತ್ತಿದ, ರನ್ ಎಂದು ಬಂತು. ಮತ್ತೆ ಅಳಿಸಿದೆ, ಸೇವ್ ಎಂದು ಬಂತು. ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಹೋದಳು. ಒಳಗಿಂದ ಅವಳು ಬಿಕ್ಕುವುದು ಕೇಳಿಸಿತು. ನನಗೂ ಕಣ್ಣು ತುಂಬಿತು. ಅವನು ಒಳಗೆ ಇದ್ದಾನೆ, ಬಾಗಿಲು ಸಿಕ್ಕಿತು ಎಂದುಕೊಂಡೆ.

ಎರಡು ಪದ ಸಾಕಲ್ಲ ನಮಗೆ. ಅವನು ಹಿಂದೆ ಮಾಡುತ್ತಿದ್ದ ಹಾಗೆ ಚೌಕದ ಹಾಳೆ ಇಟ್ಟುಕೊಂಡು ಕುಳಿತೆ. ಬೇಕು, ಬೇಡ. ಪುಣ್ಯಕ್ಕೆ ಎರಡರಲ್ಲೂ ಒತ್ತಕ್ಷರವಿಲ್ಲ. ಆದರೂ ಬೇ ಎಂಬ ಒಂದಕ್ಷರಕ್ಕೇ ಎರಡು ಚೌಕ ಹಿಡಿಯಿತು. ಒಂದು ಕೀ ಒತ್ತಿದರೆ ಬೇಕು ಎಂದು, ಇನ್ನೊಂದು ಒತ್ತಿದರೆ ಬೇಡ ಎಂದು ಪರದೆಯ ನಡುವೆ ಬರುವ ಹಾಗೆ ಪುಟ್ಟ ಪ್ರೋಗ್ರಾಂ ಬರೆದೆ. ಬೆರಳು ತಪ್ಪಬಾರದೆಂದು ಮೇಲಿನ ಸಾಲಿನ ಎರಡು ತುದಿಯ ಕೀಗಳನ್ನು ಆರಿಸಿದೆ. ಬೇರೆ ಕೀಗಳಿಗೆಲ್ಲ ಬಿಳಿ ಕಾಗದ ಮುಚ್ಚಿದೆ. ಎಡತುದಿಗೆ ಬೇಕು, ಬಲತುದಿಗೆ ಬೇಡ. ನಾವು ಓದುವುದು ಎಡದಿಂದ ಬಲಕ್ಕಲ್ಲವೇ, ನನಗೆ ಬೇರೆ ಯೋಚನೆ ಬರಲಿಲ್ಲ.

ಅತ್ತಿಗೆ ನೋಡಿದವಳೇ ತಲೆ ಅಲ್ಲಾಡಿಸಿದಳು. "ತಿರುಗಾಮುರುಗಾ ಮಾಡಿಯಲ್ಲವ್ವ. ಬೇಕು ಅನ್ನಾದು ಬಲಗಡೀಗಿರ್ಲಿ."

"ಯಾಕ್ರಿ?"

"ದೇವ್ರ ಹತ್ರ ಹೂ ಕೇಳಲ್ವಾ? ಬಲಕ್ಕೆ ಬಿದ್ರೆ ಅಪ್ಪಣೆ, ಎಡಕ್ಕೆ ಬಿದ್ರೆ ಇಲ್ಲ. ಇದೂ ಕೇಳಾದೇ ತಾನೆ?"

ನಮ್ಮ ಕಡೆ ಹೆಣ್ಣು ತರುವುದಿರಲಿ, ಬೋರ್ ತೆಗೆಸುವುದಿರಲಿ, ದೇವರ ಮೈಮೇಲೆ ಹೂ ಏರಿಸಿ ಕಾಯುತ್ತಾರೆ. ಪೂಜಾರಿ ಬೇಡಿಕೊಳ್ಳುತ್ತಾನೆ, ಮನೆಯವರು ಉಸಿರು ಹಿಡಿದು ನಿಲ್ಲುತ್ತಾರೆ. ಬಲಭುಜದಿಂದ ಹೂ ಉದುರಿದರೆ ಆಯಿತು. ಎಡದಿಂದ ಉದುರಿದರೆ ಎಂಥ ಮೊಂಡನೂ ಮರುಮಾತಾಡದೆ ಮನೆಗೆ ಬರುತ್ತಾನೆ. ಅತ್ತಿಗೆ ನಮ್ಮ ಮನೆಗೆ ಬಂದದ್ದೂ ಹಾಗೆಯೇ, ರಾಮಗಿರಿ ಬೆಟ್ಟದಲ್ಲಿ ಬಲಕ್ಕೆ ಬಿದ್ದ ಹೂವಿನಿಂದ. ದೇವರಿಗೆ ಕಂಪ್ಯೂಟರ್ ಗೊತ್ತಿಲ್ಲದಿದ್ದರೂ ಅತ್ತಿಗೆಗೆ ದೇವರು ಗೊತ್ತು. ಜಗಳವಾಡಲು ಅದರಲ್ಲಿ ಏನಿತ್ತು? ಎರಡು ಸಾಲು ತಿದ್ದಿ ಅದಲುಬದಲು ಮಾಡಿದೆ. ಬಲಕ್ಕೆ ಬೇಕು, ಎಡಕ್ಕೆ ಬೇಡ.

ಸೋಮವಾರ ಬೆಳಿಗ್ಗೆ ಕೇಳುವುದೆಂದಾಯಿತು. ಅತ್ತಿಗೆ ತಲೆಗೆ ನೀರು ಹಾಕಿಕೊಂಡು ಬಂದು ದೀಪ ಹಚ್ಚಿದಳು. ಅಣ್ಣನ ಹಣೆಗೆ ವಿಭೂತಿ ಹಚ್ಚಿ ಬೆರಳಲ್ಲಿ ಉಳಿದದ್ದನ್ನು ಲ್ಯಾಪ್‌ಟಾಪಿನ ಅಂಚಿಗೂ ಸವರಿದಳು. ದಿಂಬು ಒರಗಿಸಿ ಅವನನ್ನು ಕೂರಿಸಿದೆವು. ಅವಳು ಅವನ ಮುಖದ ಹತ್ತಿರ ಬಗ್ಗಿ, ಒಂದೊಂದೇ ಮಾತು ಬಿಡಿಸಿ ಕೇಳಿದಳು.

"ಇಲ್ನೋಡ್ರಿ. ನೀವು ಉಣ್ಣಾದು ಬಿಟ್ಟೀರಿ. ಮೂಗಿನಾಗೆ ಪೈಪ್ ಹಾಕಿ ಗಂಜಿ ಬಿಡ್ತಾರಂತೆ. ಹಾಕ್ಸಾಣಾ? ಬೇಕಾ, ಬ್ಯಾಡಾ?"

ಎಡಗೈ ಎದ್ದಿತು. ತಡವರಿಸಲಿಲ್ಲ. ನೆಟ್ಟಗೆ ಎಡತುದಿಗೆ ಹೋಗಿ ಒತ್ತಿತು. ಬಿಳಿ ಪರದೆಯ ನಡುವೆ ನಾನು ಚುಕ್ಕಿ ಚುಕ್ಕಿ ಕೂರಿಸಿದ ಅಕ್ಷರಗಳು ಮೂಡಿದವು. ಬೇಡ.

ಅತ್ತಿಗೆ ಅವನ ಕೈ ಹಿಡಿದು ಮಡಿಲಲ್ಲಿಟ್ಟುಕೊಂಡಳು. ಮಧ್ಯಾಹ್ನ ಮತ್ತೆ ಕೇಳಿದಳು. ಬೇಡ. ಸಂಜೆ ನಾನು ಕೇಳಿದೆ, ಬೇರೆ ಮಾತುಗಳಲ್ಲಿ, ಗದರಿಸಿ ಕೇಳಿದೆ. ಬೇಡ.

ಆಮೇಲೆ ಅತ್ತಿಗೆ ಬದಲಾದಳು. ಡಾಕ್ಟರಿಗೆ ತಾನೇ ಫೋನ್ ಮಾಡಿ, "ಅವ್ರು ಒಪ್ಪಂಗಿಲ್ಲ ಸಾರ್," ಎಂದಳು. ಚಮಚದ ಹೋರಾಟ ನಿಂತಿತು. ಎಳನೀರಿನಲ್ಲಿ ಬಟ್ಟೆ ಅದ್ದಿ ತುಟಿ ಒರೆಸುತ್ತಿದ್ದಳು, ಬಾಯಿ ತೆರೆದರೆ ಎರಡು ಚಮಚ ಹಾಕುತ್ತಿದ್ದಳು, ತೆರೆಯದಿದ್ದರೆ ಸುಮ್ಮನಿರುತ್ತಿದ್ದಳು. ಅವಳ ಮುಖದಲ್ಲಿ ಒಂದು ಬಗೆಯ ಸಮಾಧಾನವಿತ್ತು. ಅಪ್ಪಣೆ ಆಗಿಲ್ಲ, ಮುಗಿಯಿತು. ನನಗೆ ಆ ಸಮಾಧಾನ ಬರಲಿಲ್ಲ. ನನಗೆ ಬಂದದ್ದು ಅಣ್ಣನ ಮೇಲೆ ಉರಿ. ಎಂಥ ಕೆಟ್ಟುಹೋದ ಸೆಟ್ಟು ತಂದರೂ ಇದು ಆಗುವುದಿಲ್ಲ, ಎತ್ತಿಕೊಂಡು ಹೋಗಿ ಎಂದು ಗಿರಾಕಿಗೆ ಹೇಳದವನು ತನ್ನ ವಿಷಯಕ್ಕೆ ಬಂದಾಗ ಇಷ್ಟು ಸಲೀಸಾಗಿ ಬೇಡ ಎಂದುಬಿಟ್ಟನಲ್ಲ ಎಂದು. ಅವನ ಕೆನ್ನೆಯ ಮೂಳೆ ಎದ್ದಿತು. ಕೊರಳ ಪಟ್ಟಿ ಸಡಿಲವಾಗಿ ಅಂಗಿ ಬೇರೆಯವರದು ಅನ್ನುವ ಹಾಗೆ ಆಯಿತು. ನಾನು ಬಂದಾಗಲೆಲ್ಲ ಲ್ಯಾಪ್‌ಟಾಪ್ ತೆರೆದು ಮತ್ತೊಮ್ಮೆ ಕೇಳುತ್ತಿದ್ದೆ. ಪ್ರತಿ ಸಲವೂ ಬೇಡ. ಆ ಎರಡಕ್ಷರವನ್ನು ಅಷ್ಟು ಚೆಂದ ಬರೆದ ನನ್ನ ಕೈಯನ್ನೇ ಶಪಿಸಿಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಅತ್ತಿಗೆ ದಿನಸಿ ಅಂಗಡಿಗೆ ಹೋಗಿದ್ದಳು. ನಾನು ಹೊರಡುವ ತಯಾರಿಯಲ್ಲಿದ್ದೆ. ಹೋಗುವ ಮುಂಚೆ ಸುಮ್ಮನೆ ಕೇಳಿದೆ.

"ಬರೋ ವಾರ ಬರ್ಲೇನೋ ಅಣ್ಣ? ಬೇಕಾ?"

ಬೇಡ.

ತಂಗಿ ಬೇಡವಾದಳು. ಆಗಲಿ. ಸಿಟ್ಟಿನಲ್ಲೇ ಮುಂದುವರಿದು, "ಹಂಗಾರೆ ಅತ್ಗೆ? ಅತ್ಗೆ ಬೇಕಾ?" ಎಂದೆ.

ಬೇಡ.

ಅಲ್ಲಿ ನಿಂತೆ. ಅವಳು ತವರಿಗೆ ಹೋದರೆ ಎರಡನೇ ದಿನಕ್ಕೇ ಅಂಗಡಿ ಮುಚ್ಚಿ ಹರಿಯಬ್ಬೆ ಬಸ್ಸು ಹತ್ತುತ್ತಿದ್ದವನು ಅವನು. ಇದಕ್ಕಾಗಿ ಇಡೀ ಮನೆ ಅವನನ್ನು ಆಡಿಕೊಂಡಿತ್ತು. ಸಿಟ್ಟು ಇಳಿದು ಅದರ ಜಾಗಕ್ಕೆ ತಣ್ಣಗೆ ಒಂದು ಅನುಮಾನ ಬಂತು. ಏನು ಕೇಳಿದರೂ ಉತ್ತರ ಒಂದೇ ಬರುತ್ತಿದ್ದರೆ ಪ್ರಶ್ನೆಗೂ ಉತ್ತರಕ್ಕೂ ಸಂಬಂಧವಿಲ್ಲ. ಒಂಬತ್ತನೇ ಕ್ಲಾಸಿನ ಮಗುವಿಗೂ ಹೇಳಿಕೊಡುವ ಮಾತು ಇದು.

ಕೂತುಕೊಂಡು ಎರಡು ಸಾಲು ತಿದ್ದಿದೆ. ಎಡಕ್ಕೆ ಬೇಕು, ಬಲಕ್ಕೆ ಬೇಡ. ಚೀಟಿಗಳನ್ನೂ ಅದಲುಬದಲು ಅಂಟಿಸಿದೆ. "ಪೈಪ್ ಹಾಕ್ಸಾಣಾ?" ಎಂದೆ. ಕೈ ಎದ್ದಿತು. ಮೊದಲಿನ ಹಾಗೆಯೇ ತಡವರಿಸದೆ ಎಡತುದಿಗೆ ಹೋಯಿತು. ಬೇಕು.

ಬೇಕು ಎಂಬ ಪದ ಅವನ ಬೆರಳಿನ ಕೆಳಗೆ ಮೂಡಿದ್ದು ಅದೇ ಮೊದಲು. ಒಂದು ಗಳಿಗೆ, ನಿಜ ಹೇಳುತ್ತೇನೆ, ಅಲ್ಲಿಗೇ ನಿಲ್ಲಿಸಿ ಅತ್ತಿಗೆಯನ್ನು ಕೂಗೋಣ ಅನ್ನಿಸಿತು. ಆದರೆ ಸುಳ್ಳು ಲೆಕ್ಕಕ್ಕೆ ಸರಿ ಗುರುತು ಹಾಕಿ ಅಭ್ಯಾಸವಿಲ್ಲ. "ನೀನು ಹೆಣ್ಣಾ?" ಎಂದು ಕೇಳಿದೆ. ಬೇಕು. "ಇದು ಹಿರಿಯೂರಾ?" ಬೇಕು. "ಅಮ್ಮ ಬದುಕವ್ಳಾ?" ಬೇಕು.

ಅವನ ಬಲಗಡೆ ಹೋಗಿ ನಿಂತು ಕಣ್ಣಿನ ಹತ್ತಿರ ಕೈ ಆಡಿಸಿದೆ. ರೆಪ್ಪೆ ಬಡಿಯಲಿಲ್ಲ. ಎಡಗಡೆಯಿಂದ ಆಡಿಸಿದೆ, ಥಟ್ಟನೆ ತಿರುಗಿದ. ಆಗ ಒಂದೊಂದೇ ನೆನಪಾಯಿತು. ತಟ್ಟೆಯಲ್ಲಿ ಬಿಡುತ್ತಿದ್ದ ಅರ್ಧ ಯಾವಾಗಲೂ ಬಲಗಡೆಯದೇ. ಮೊದಲ ದಿನ ಒತ್ತಿದ ಗೋ ಟು, ರನ್, ಸೇವ್ ಎಲ್ಲ ಎಡಗಡೆಯ ಕೀಗಳು. ಅವನು ಬರೆದ ಒಂದೊಂದು ಪ್ರೋಗ್ರಾಮಿನಲ್ಲೂ ಇದ್ದೇ ಇರುತ್ತಿದ್ದ ಪ್ರಿಂಟನ್ನು ಈಗ ಒಂದು ಸಲವೂ ಒತ್ತಿರಲಿಲ್ಲ. ಪಿ ಬಲಗಡೆಯ ತುದಿಯಲ್ಲಿದೆ.

ಡಾಕ್ಟರಿಗೆ ಫೋನ್ ಮಾಡಿದೆ. ಹೌದಮ್ಮ, ಈ ಥರದ ಲಕ್ವದಲ್ಲಿ ಬಲಗಡೆಯ ನೋಟವೂ ಹೋಗಿರಬಹುದು, ಆ ಕಡೆ ಇರುವುದು ಅವರ ಪಾಲಿಗೆ ಇಲ್ಲವೇ ಇಲ್ಲ ಎಂದರು. ಎರಡು ಕೀಗಳನ್ನೂ ಎಡಗಡೆಗೇ ತಂದು ಒಂದರ ಕೆಳಗೆ ಒಂದು ಇಟ್ಟು ನೋಡುವುದೆಂದುಕೊಂಡೆ. ನೋಡಿದೆ. ಮೇಲಿನದನ್ನು ಒಂದು ಸಲ ಒತ್ತಿದ, ಕೆಳಗಿನದನ್ನು ಒಂದು ಸಲ ಒತ್ತಿದ. ನೀನು ಹೆಣ್ಣಾ ಎಂದರೆ ಬೇಕು ಎಂದ, ಗಂಡಸಾ ಎಂದರೂ ಬೇಕು ಎಂದ, ಮತ್ತೆ ಕೇಳಿದರೆ ಎರಡಕ್ಕೂ ಬೇಡ ಎಂದ. ಬೆರಳು ಯಾವುದಕ್ಕೆ ಹತ್ತಿರ ಇರುತ್ತಿತ್ತೋ ಅದು. ಒತ್ತಿದಾಗ ಪರದೆಯ ಮೇಲೆ ಏನೋ ಮೂಡುತ್ತದಲ್ಲ, ಅಷ್ಟೇ ಅವನಿಗೆ ಬೇಕಾಗಿತ್ತೇನೋ. ನಾನು ಕೇಳುತ್ತಿದ್ದದ್ದು ಅವನಿಗೆ ತಲುಪುತ್ತಲೇ ಇರಲಿಲ್ಲ. ಬಾಗಿಲು ಸಿಕ್ಕಿತು ಎಂದುಕೊಂಡಿದ್ದೆನಲ್ಲ, ಅದು ಗೋಡೆಯೇ ಆಗಿತ್ತು.

ಅತ್ತಿಗೆ ಚೀಲ ಇಳಿಸುವ ಮುಂಚೆಯೇ ಹೇಳಿಬಿಟ್ಟೆ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎಂಬ ಗಾದೆಯಿದೆ. ಅವಳು ಒದ್ದಿದ್ದರೆ ಚೆನ್ನಾಗಿತ್ತು. ಒದೆಯಲಿಲ್ಲ, ಹೊಸ್ತಿಲ ಮೇಲೆ ಕುಳಿತಳು.

"ಹಂಗಾರೆ ಅವ್ರು ಬ್ಯಾಡ ಅಂದಿರ್ಲಿಲ್ಲ."

"ಬೇಕು ಅಂತ್ಲೂ ಅಂದಿಲ್ಲ ಅತ್ಗೆ."

"ಬ್ಯಾಡ ಅಂದಿರ್ಲಿಲ್ಲ," ಎಂದಳು ಮತ್ತೆ. "ಇಷ್ಟು ದಿವ್ಸ ಉಪಾಸ ಕೆಡವಿದ್ದು ನಾವು."

ಬಲಗಡೆಗಿರಲಿ ಎಂದದ್ದು ನೀವು ಎಂದು ನಾನು ಹೇಳಲಿಲ್ಲ. ನಾನು ಇಟ್ಟಿದ್ದ ಹಾಗೆಯೇ ಬಿಟ್ಟಿದ್ದರೆ ಅವನು ಮೊದಲ ದಿನವೇ ಬೇಕು ಎನ್ನುತ್ತಿದ್ದ, ನಾವು ಕುಣಿದಾಡಿ ಟ್ಯೂಬ್ ಹಾಕಿಸುತ್ತಿದ್ದೆವು, ಅದೂ ಅವನ ಮಾತಾಗಿರುತ್ತಿರಲಿಲ್ಲ. ಅದು ಸರಿಯಾಗಿರುತ್ತಿತ್ತೋ ಇದು ಸರಿಯೋ, ಯಾವ ಗಣಿತದಿಂದಲೂ ಬಿಡಿಸಲು ನನಗೆ ಆಗಿಲ್ಲ.

ಮಾರನೇ ದಿನ ಮನೆಗೇ ನರ್ಸ್ ಬಂದು ಟ್ಯೂಬ್ ಇಳಿಸಿದರು. ಅತ್ತಿಗೆ ಅವನನ್ನು ಏನೂ ಕೇಳಲಿಲ್ಲ. ನರ್ಸ್ ತೋರಿಸಿದ ಹಾಗೆ ತಲೆ ಎತ್ತರಿಸಿ, ಸೋಸಿದ ರಾಗಿ ಗಂಜಿಯನ್ನು ನಿಧಾನವಾಗಿ ಬಿಟ್ಟಳು. ಆ ಸಂಜೆಯೇ ಅಣ್ಣ ಎಡಗೈಯಿಂದ ಟ್ಯೂಬನ್ನು ಎಳೆದು ಹಾಕಿದ. ಮತ್ತೆ ಹಾಕಿಸಿದೆವು. ಮತ್ತೆ ಎಳೆದ, ಈ ಸಲ ಮೂಗಿನಿಂದ ರಕ್ತ ಬಂತು.

ಅತ್ತಿಗೆ ನನ್ನ ಮುಖ ನೋಡಿದಳು. "ಇದ್ರ ಅರ್ಥ ಬ್ಯಾಡ ಅಂತ್ಲಾ?"

ನಾನು ನರ್ಸ್ ಮುಖ ನೋಡಿದೆ. ಎಲ್ಲ ಪೇಷೆಂಟ್‌ಗಳೂ ಹೀಗೇ ಮಾಡುತ್ತಾರೆ, ಮೂಗು ಕಡಿಯುತ್ತದೆ, ಕೈ ತಾನಾಗಿಯೇ ಹೋಗುತ್ತದೆ, ಅದಕ್ಕೆ ಅರ್ಥ ಹುಡುಕಬೇಡಿ ಎಂದರು. ಮೆತ್ತನೆಯ ಬಟ್ಟೆಯಿಂದ ಕೈಯನ್ನು ಮಂಚಕ್ಕೆ ಕಟ್ಟಿ ಎಂದರು. ಅತ್ತಿಗೆ ತನ್ನ ಹಳೇ ವಾಯಿಲ್ ಸೀರೆಯೊಂದನ್ನು ಹರಿದು ಪಟ್ಟಿ ಮಾಡಿದಳು. ಗಂಟು ಹಾಕಿದ್ದು ನಾನು. ಅವನ ಮೈಯಲ್ಲಿ ಆಡುತ್ತಿದ್ದ ಒಂದೇ ಕೈ ಅದು.

ಅಣ್ಣ ಬದುಕಿದ್ದಾನೆ. ಕೆನ್ನೆ ಸ್ವಲ್ಪ ತುಂಬಿಕೊಂಡಿದೆ. ನೋಡಲು ಬಂದವರು ವಾಸಿ, ಈಗ ಪರವಾಗಿಲ್ಲ ಎಂದು ಹೇಳಿ ಹೋಗುತ್ತಾರೆ. ಅತ್ತಿಗೆ ಅವರಿಗೆ ಕಾಫಿ ಕೊಟ್ಟು ಹೌದು ಎನ್ನುತ್ತಾಳೆ. ನಾನು ಭಾನುವಾರ ಹೋಗುತ್ತೇನೆ, ಲ್ಯಾಪ್‌ಟಾಪ್ ಒಯ್ಯುವುದಿಲ್ಲ. ಒಂದೆರಡು ಸಲ ಹೊಳಲ್ಕೆರೆಯ ಮನೆಯಲ್ಲಿ ಎಮ್ಯುಲೇಟರ್ ತೆರೆದು ನೋಡಿದೆ. ಅದು ಎಂದಿನಂತೆ ಬಿಳಿ ಪರದೆ ತೋರಿಸಿ ಯಾರಾದರೂ ಏನಾದರೂ ಒತ್ತಲಿ ಎಂದು ಕಾಯುತ್ತದೆ. ಏನು ಒತ್ತಿದರೂ ಅದಕ್ಕೆ ಒಪ್ಪಿಗೆ. ಮುಚ್ಚಿಟ್ಟೆ.

ಭಾನುವಾರ ಅವನ ಮೈ ಒರೆಸುವುದು ನಾವಿಬ್ಬರೂ ಸೇರಿ. ಎಡಗೈ ಸರದಿ ಬಂದಾಗ ಗಂಟು ಬಿಚ್ಚುತ್ತೇನೆ. ಅತ್ತಿಗೆ ತಕ್ಷಣ ಎರಡೂ ಕೈಗಳಿಂದ ಅವನ ಮಣಿಕಟ್ಟು ಹಿಡಿದುಕೊಳ್ಳುತ್ತಾಳೆ, ನಾನು ಬೇಗ ಬೇಗ ಒರೆಸುತ್ತೇನೆ. ಅವಳ ಹಿಡಿತದಲ್ಲಿ ಕೈ ಅದುರುವುದು ಕಾಣುತ್ತದೆ. ಒಂದು ಗಳಿಗೆ ಬಿಟ್ಟರೆ ಅದು ಟ್ಯೂಬಿಗೆ ಹೋಗುತ್ತದೋ, ಅವಳ ಕಡೆಗೆ ಹೋಗುತ್ತದೋ, ಸುಮ್ಮನೆ ಹಾಸಿಗೆಯ ಮೇಲೆ ಬೀಳುತ್ತದೋ ನಮಗೆ ಗೊತ್ತಿಲ್ಲ. ನಾವು ಬಿಡುವುದಿಲ್ಲ.